ಎಂಟು ಮೈಲಿಯ ನೆರೆಹೊರೆ

ಮಾಸ್ಕೊ ನಗರಕ್ಕೆ ನಡೆದುಕೊಂಡೇ ಹೋಗಿ ಬಂದೆನೆಂದು ನಮ್ಮ ಸಂಘದ ಗೆಳೆಯರಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಒಬ್ಬರು ಅಲ್ಲಿಯ ಚಳಿ ಹೇಗಿತ್ತೆಂದು ಕೇಳಿದರು; ಇನ್ನೊಬ್ಬರು ನನ್ನ ಮುಖವನ್ನೇ ನೋಡಿದರು. ತಪ್ಪು ಅವರದಲ್ಲ. ನಾನು ಹೋದದ್ದು ರಷ್ಯದ ಮಾಸ್ಕೊಗಲ್ಲ. ಅಮೆರಿಕದ ವಾಯವ್ಯ ಮೂಲೆಯಲ್ಲಿ, ಐಡಹೊ ಸಂಸ್ಥಾನದ ಅಂಚಿನಲ್ಲಿರುವ ಅದೇ ಹೆಸರಿನ ಸಣ್ಣ ಊರಿಗೆ. ಅದರಿಂದ ಎಂಟು ಮೈಲಿ ಪಶ್ಚಿಮಕ್ಕೆ, ಗಡಿಯ ಆಚೆ ವಾಷಿಂಗ್ಟನ್ ಸಂಸ್ಥಾನದಲ್ಲಿ, ಪುಲ್‌ಮನ್ ಎಂಬ ಊರಿದೆ. ನಮ್ಮ ಮಗಳು, ಅಳಿಯ ಇರುವುದು ಅಲ್ಲಿ. 2025ರ ಆಗಸ್ಟ್ ತಿಂಗಳನ್ನು ನಾನೂ ನನ್ನ ಮನೆಯವರೂ ಅವರ ಮನೆಯಲ್ಲಿ ಕಳೆದೆವು.

ಆ ಸೀಮೆಗೆ ಪಲೂಸ್ ಎಂದು ಹೆಸರು. ಗಾಳಿ ಸಾವಿರಾರು ವರ್ಷ ಹೊತ್ತು ತಂದು ಸುರಿದ ನಯವಾದ ಮಣ್ಣು ಗುಡ್ಡಗಳಾಗಿ ನಿಂತಿದೆ. ಕಣ್ಣು ಹಾಯಿಸಿದಷ್ಟು ದೂರ ಅಲೆಅಲೆಯಾಗಿ ಗೋದಿಯ ಗುಡ್ಡಗಳು. ಸಮುದ್ರವನ್ನು ಒಂದು ಗಳಿಗೆ ನಿಲ್ಲೆಂದು ಹೇಳಿ ನಿಲ್ಲಿಸಿದ ಹಾಗೆ. ಗೋದಿಯ ನಡುವೆ ನಮಗೆ ಪರಿಚಯದ ಮುಖಗಳೂ ಉಂಟು: ಮಸೂರ, ಕಡಲೆ. ಪ್ರತಿ ಆಗಸ್ಟಿನಲ್ಲಿ ಪುಲ್‌ಮನ್ ಊರಿನವರು ಮಸೂರ ಬೇಳೆಯ ಹಬ್ಬವನ್ನೇ ಮಾಡಿ, ದೊಡ್ಡ ಕಡಾಯಿಯಲ್ಲಿ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ನನ್ನ ಮನೆಯವರು ರುಚಿ ನೋಡಿ, “ಒಂದು ಒಗ್ಗರಣೆ ಬಿದ್ದಿದ್ದರೆ ನಮ್ಮದೇ” ಎಂದರು.

ಎರಡು ಊರಿಗೂ ಒಂದೇ ವಿಮಾನ ನಿಲ್ದಾಣ. ಆದರೆ ವಿಶ್ವವಿದ್ಯಾಲಯ ಮಾತ್ರ ಒಂದೊಂದು ಊರಿಗೆ ಒಂದೊಂದು. ಮಾಸ್ಕೊದ ಐಡಹೊ ವಿಶ್ವವಿದ್ಯಾಲಯ 1889ರದು. ಪುಲ್‌ಮನ್‌ನಲ್ಲಿರುವ ವಾಷಿಂಗ್ಟನ್ ಸ್ಟೇಟ್ 1890ರದು. 2020ರ ಜನಗಣತಿಯಂತೆ ಪುಲ್‌ಮನ್‌ನ ಜನ ಸುಮಾರು 33 ಸಾವಿರ, ಮಾಸ್ಕೊದ ಜನ ಸುಮಾರು 25 ಸಾವಿರ. ವಿದ್ಯಾರ್ಥಿಗಳನ್ನು ತೆಗೆದರೆ ಉಳಿಯುವುದು ನಮ್ಮ ಒಂದು ಹೋಬಳಿಯ ಪೇಟೆ. ಆದರೂ ಪುಲ್‌ಮನ್‌ನ ಆಟದ ಮೈದಾನದಲ್ಲಿ ಸುಮಾರು 33 ಸಾವಿರ ಆಸನಗಳಿವೆ. ಇಡೀ ಊರು ಬೀಗ ಹಾಕಿಕೊಂಡು ಬಂದರೂ ಎಲ್ಲರಿಗೂ ಜಾಗ ಸಿಗಬೇಕು!

ಆಟವೆಂದರೆ ಅಲ್ಲಿ ಫುಟ್‌ಬಾಲ್. ಇದು ನಮ್ಮ ಕಾಲ್ಚೆಂಡಲ್ಲ. ಕಡೆಗೆ ಹನ್ನೊಂದು ಹನ್ನೊಂದು ಜನ ತಲೆಗೆ ಶಿರಸ್ತ್ರಾಣ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರ ಮೇಲೊಬ್ಬರು ಬೀಳುವ ಆಟ. ಕಾಲಿಗೆ ಕೆಲಸ ಕಡಮೆ. ನನಗೆ ಇದನ್ನು ಕಲಿಸಿದವಳು ಹತ್ತು ವರ್ಷದ ಮೊಮ್ಮಗಳು. “ಅಜ್ಜಾ, ಆಟ ಆಮೇಲೆ ಅರ್ಥವಾಗುತ್ತದೆ, ಮೊದಲು ಕೂಗುವುದನ್ನು ಕಲಿ” ಎಂಬುದು ಅವಳ ಮೊದಲ ಪಾಠ.

ಎರಡನೆಯ ಪಾಠ ಅಷ್ಟು ಸುಲಭವಾಗಿರಲಿಲ್ಲ. ಒಂದು ಕಾಲೇಜಿನ ತಂಡ ವರ್ಷಕ್ಕೆ ಹನ್ನೆರಡು ಪಂದ್ಯ ಆಡುತ್ತದೆ. ಅವುಗಳಲ್ಲಿ ಎಂಟೊ ಒಂಬತ್ತೊ ತನ್ನ ಕೂಟದ ಕಾಲೇಜುಗಳೊಡನೆ. ಇಂಥ ಕೂಟಕ್ಕೆ ಅವರು ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮಲ್ಲಿ ಸಂಬಂಧ ಬೆಳೆಸುವ ಹತ್ತಾರು ಮನೆತನಗಳ ಬಳಗವಿರುತ್ತದಲ್ಲ, ಅದರ ಹಾಗೆ. ಈ ವರ್ಷ ನೀವು ನಮ್ಮಲ್ಲಿಗೆ ಬನ್ನಿ, ಮುಂದಿನ ವರ್ಷ ನಾವು ನಿಮ್ಮಲ್ಲಿಗೆ. ದೂರದರ್ಶನದವರು ಕೊಡುವ ಹಣ ಕೂಟಕ್ಕೆ ಬಂದು ಕಾಲೇಜುಗಳಿಗೆ ಹಂಚಿಕೆಯಾಗುತ್ತದೆ. ಕೂಟವಿದ್ದರೆ ಪಂದ್ಯವುಂಟು, ಪಂದ್ಯವಿದ್ದರೆ ಹಣವುಂಟು. ಕೂಟ ಹೋದರೆ?

ಆ ಪ್ರಶ್ನೆಗೆ ಉತ್ತರವನ್ನು ಮೊದಲು ಕಂಡುಕೊಂಡದ್ದು ಮಾಸ್ಕೊ. 1915ರಲ್ಲಿ ಹುಟ್ಟಿದ ಪೆಸಿಫಿಕ್ ಕರಾವಳಿಯ ಕೂಟಕ್ಕೆ ಪುಲ್‌ಮನ್ 1917ರಲ್ಲಿ ಸೇರಿತು, ಮಾಸ್ಕೊ 1922ರಲ್ಲಿ. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣಗಳಿಂದ ಮನಸ್ಸು ಮುರಿದು 1959ರಲ್ಲಿ ಆ ಕೂಟ ಒಡೆಯಿತು. ಕ್ಯಾಲಿಫೋರ್ನಿಯದ ನಾಲ್ಕು ಕಾಲೇಜುಗಳೂ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಸೇರಿ ಬೇರೆ ಕೂಟ ಕಟ್ಟಿದವು. ಪುಲ್‌ಮನ್ ಮೂರು ವರ್ಷ ಹೊರಗೆ ಕಾದು 1962ರಲ್ಲಿ ಒಳಗೆ ಹೋಯಿತು. ಒರೆಗಾನ್ ಸಂಸ್ಥಾನದ ಎರಡು ಕಾಲೇಜುಗಳು 1964ರಲ್ಲಿ ಹೋದವು. ಮಾಸ್ಕೊವನ್ನು ಮಾತ್ರ ಯಾರೂ ಕರೆಯಲಿಲ್ಲ. ಅದು 1963ರಲ್ಲಿ ಬೆಟ್ಟಸೀಮೆಯ ಸಣ್ಣ ಕಾಲೇಜುಗಳೊಡನೆ ಬಿಗ್ ಸ್ಕೈ ಎಂಬ ಕೂಟ ಕಟ್ಟಿಕೊಂಡಿತು.

ಅಲ್ಲೇ ಇದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬೇಕೆಂಬ ಆಸೆ ಯಾರಿಗಿಲ್ಲ? 1996ರಲ್ಲಿ ಮಾಸ್ಕೊ ತಂಡ ಮೇಲಿನ ದರ್ಜೆಗೆ ಹೋಯಿತು. ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಬಾಡಿಗೆ ಮನೆಯ ಸಂಸಾರ. ಒಂದು ಕೂಟ ಆಟ ನಿಲ್ಲಿಸಿತು, ಇನ್ನೊಂದಕ್ಕೆ ಹೋದರು. ಅದನ್ನು ಬಿಟ್ಟು ಮತ್ತೊಂದಕ್ಕೆ ಹೋದರು, ಅದೂ 2012ರಲ್ಲಿ ಫುಟ್‌ಬಾಲ್ ಬಿಟ್ಟಿತು. 2013ರಲ್ಲಿ ಯಾವ ಕೂಟವೂ ಇಲ್ಲದೆ ಆಡಿದರು. ಕೊನೆಗೆ ಸೇರಿದ ಕೂಟದ ಕಾಲೇಜುಗಳಿದ್ದದ್ದು ಜಾರ್ಜಿಯ, ಅಲಬಾಮ, ಲೂಯಿಸಿಯಾನ ಸೀಮೆಗಳಲ್ಲಿ, ಅಂದರೆ ಖಂಡದ ಇನ್ನೊಂದು ಮೂಲೆಯಲ್ಲಿ. 2016ರಲ್ಲಿ ಅವರೂ, 2017ರ ನಂತರ ನೀವು ಬೇಡವೆಂದರು.

ಆಗ ಮಾಸ್ಕೊದವರು ಮತ್ತಾರೂ ಮಾಡದ ಕೆಲಸ ಮಾಡಿದರು. ಮೇಲಿನ ದರ್ಜೆಯಿಂದ ತಾವಾಗಿಯೇ ಇಳಿದು 2018ರಲ್ಲಿ ಬಿಗ್ ಸ್ಕೈ ಕೂಟಕ್ಕೆ ಹಿಂದಿರುಗಿದರು. ಇಳಿಯುವೆವೆಂದು ಹೇಳಿದ 2016ರಲ್ಲಿಯೇ ತಂಡ ಒಂಬತ್ತು ಪಂದ್ಯ ಗೆದ್ದು, ಬಾಯ್ಸಿ ಊರಿನಲ್ಲಿ ನಡೆಯುವ ಆಲೂಗಡ್ಡೆ ಹೆಸರಿನ ಪಂದ್ಯದಲ್ಲೂ ಜಯಿಸಿತೆಂಬುದು ವಿಧಿಯ ತಮಾಷೆ. ಊರಿನಲ್ಲಿ ಅನೇಕರಿಗೆ ಅವಮಾನವೆನಿಸಿತಂತೆ. ಆದರೆ ಹಿಂದಿರುಗಿದ ಮೇಲೆ ಬಸ್ಸಿನಲ್ಲಿ ಹೋಗಿ ಆಡುವ ನೆರೆಯವರು ಮತ್ತೆ ಸಿಕ್ಕಿದರು. ಮೊಂಟಾನ ವಿಶ್ವವಿದ್ಯಾಲಯಕ್ಕೂ ಇವರಿಗೂ 1938ರಿಂದ ಒಂದು ಕಂದು ಬಣ್ಣದ ಪಾನಪಾತ್ರೆಯ ಪಂದ್ಯವುಂಟು. ಗೆದ್ದವರು ಪಾತ್ರೆ ಒಯ್ಯಬೇಕು. 2003ರ ಬಳಿಕ ಆ ಪಾತ್ರೆಗೆ ಕೆಲಸವೇ ಇರಲಿಲ್ಲ. 2018ರಲ್ಲಿ ಅದು ಕಪಾಟಿನಿಂದ ಹೊರಗೆ ಬಂತು. 2022ರಲ್ಲಿ ಐಡಹೊ ಹುಡುಗರು ಮೊಂಟಾನದಲ್ಲೇ ಗೆದ್ದು ಅದನ್ನು ಮಾಸ್ಕೊಗೆ ತಂದರು.

ಇದನ್ನೆಲ್ಲ ಪುಲ್‌ಮನ್‌ನವರು ಎಂಟು ಮೈಲಿ ದೂರದಿಂದ ಕನಿಕರದಿಂದ ನೋಡುತ್ತಿದ್ದರು. ತಮ್ಮ ಮನೆಗೂ ಹಾಗಾದೀತೆಂದು ಯಾರು ಎಣಿಸಿದ್ದರು?

1962ರಲ್ಲಿ ಅವರು ಸೇರಿದ ಕೂಟ ಬೆಳೆದು 2011ರ ಹೊತ್ತಿಗೆ ಹನ್ನೆರಡು ಕಾಲೇಜುಗಳ ಪ್ಯಾಕ್-ಹನ್ನೆರಡು ಆಗಿತ್ತು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ಕಾಲೇಜುಗಳು ಹೊರಡುವೆವೆಂದವು. ಅವು ಸೇರಹೊರಟ ಬಿಗ್ ಟೆನ್ ಕೂಟಕ್ಕೆ ದೂರದರ್ಶನದವರು ಏಳು ವರ್ಷಕ್ಕೆ ಏಳು ನೂರು ಕೋಟಿ ಡಾಲರಿಗೂ ಮಿಕ್ಕಿ ಕೊಡಲು ಒಪ್ಪಿದ್ದರು. ಮುಂದಿನ ವರ್ಷ ಕೊಲರಾಡೊ ಹೋಯಿತು. 2023ರ ಆಗಸ್ಟ್ 4ರಂದು ಒಂದೇ ದಿನದಲ್ಲಿ ಐದು ಹೋದವು. ಆ ಐದರಲ್ಲಿ ಸಿಯಾಟಲ್‌ನವರೂ ಒಬ್ಬರು; ಪುಲ್‌ಮನ್‌ಗೂ ಅವರಿಗೂ 1900ರಿಂದ ಪಂದ್ಯದ ನಂಟು! ಸ್ವಂತ ಸಂಸ್ಥಾನದ ಅಣ್ಣನೇ ಬೇರೆ ಹೋದ ಹಾಗಾಯಿತು. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕಾಲೇಜುಗಳು ಅಟ್ಲಾಂಟಿಕ್ ಕರಾವಳಿ ಕೂಟಕ್ಕೆ ಸೇರಿದವು. ಇರುವುದು ಪೆಸಿಫಿಕ್ ತೀರದಲ್ಲಿ, ಕೂಟ ಅಟ್ಲಾಂಟಿಕ್‌ನದು. ಉಳ್ಳಾಲದ ಮೀನುಗಾರರು ಪುರಿ ಜಗನ್ನಾಥದ ಬೆಸ್ತರ ಸಂಘಕ್ಕೆ ಚಂದಾ ಕೊಟ್ಟಂತೆ.

ಹನ್ನೆರಡರಲ್ಲಿ ಉಳಿದದ್ದು ಎರಡು: ಪುಲ್‌ಮನ್, ಮತ್ತು ಒರೆಗಾನ್ ಸಂಸ್ಥಾನದ ಕೋರ್‌ವಾಲಿಸ್ ಊರಿನ ಒರೆಗಾನ್ ಸ್ಟೇಟ್. ಎರಡೂ ಕೃಷಿ ಕಲಿಸಲೆಂದು ಬೆಳೆದ ವಿದ್ಯಾಲಯಗಳು; ಎರಡೂ ದೊಡ್ಡ ನಗರದಿಂದ ದೂರ. ಹೋಗುವವರೇ ಕೂಟದ ಗಂಟನ್ನು ಹಂಚಿಕೊಂಡಾರೆಂಬ ಭಯದಿಂದ ಇವರಿಬ್ಬರೂ ನ್ಯಾಯಾಲಯಕ್ಕೆ ಹೋದರು. ಪುಲ್‌ಮನ್‌ನ ಪಕ್ಕದ ಕೋಲ್‌ಫ್ಯಾಕ್ಸ್ ಎಂಬ ಪುಟ್ಟ ಊರಿನ ಜಿಲ್ಲಾ ನ್ಯಾಯಾಲಯ 2023ರ ನವೆಂಬರಿನಲ್ಲಿ ಆಡಳಿತದ ಹಕ್ಕು ಉಳಿದ ಇಬ್ಬರದೆಂದು ಆಜ್ಞೆ ಕೊಟ್ಟಿತು. ಹಕ್ಕು ಸಿಕ್ಕಿತು, ಸರಿ. ಆಡುವುದು ಯಾರೊಡನೆ?

2024ಕ್ಕೆ ಬೆಟ್ಟಸೀಮೆಯ ಮೌಂಟನ್ ವೆಸ್ಟ್ ಕೂಟದವರು ಇಬ್ಬರಿಗೂ ಆರಾರು ಪಂದ್ಯ ಕೊಟ್ಟರು. ಅದಕ್ಕೆ ಇವರು ತೆತ್ತದ್ದು ಒಂದು ಕೋಟಿ ನಲವತ್ತು ಲಕ್ಷ ಡಾಲರು. 2025ಕ್ಕೆ ಆ ಒಪ್ಪಂದವೂ ಮುಂದುವರಿಯಲಿಲ್ಲ. ಕಾಲೇಜುಗಳ ಪಂದ್ಯಗಳು ವರ್ಷಗಳ ಮುಂಚೆಯೇ ಗೊತ್ತಾಗಿರುತ್ತವೆ. ಮದುವೆಯ ಕಾಲದಲ್ಲಿ ಕೊನೆಯ ವಾರ ಛತ್ರ ಹುಡುಕಿದವರ ಗತಿ ಏನಾಗುತ್ತದೆಂದು ನಮಗೆ ಗೊತ್ತು. ಸಿಕ್ಕಿದ ದಿನ, ಸಿಕ್ಕಿದ ಊರು. ಆ ವರ್ಷದ ಪಟ್ಟಿಯನ್ನು ಮೊಮ್ಮಗಳು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಟೆಕ್ಸಸ್‌ಗೆ ಹೋಗಬೇಕು, ಅಕ್ಟೋಬರಿನಲ್ಲಿ ಒಂದು ವಾರ ಮಿಸಿಸಿಪ್ಪಿಗೆ, ಮರುವಾರವೇ ವರ್ಜೀನಿಯಕ್ಕೆ, ನವೆಂಬರಿನಲ್ಲಿ ಮತ್ತೆ ವರ್ಜೀನಿಯಕ್ಕೆ, ಬೇರೆ ಕಾಲೇಜಿಗೆ. ಒರೆಗಾನ್ ಸ್ಟೇಟ್‌ನೊಡನೆ ಅದೇ ತಿಂಗಳಲ್ಲಿ ಎರಡು ಸಲ. ಉಳಿದ ಎರಡು ಮನೆಗಳು ಹಬ್ಬಕ್ಕೊಮ್ಮೆ ಇವರಲ್ಲಿ, ಒಮ್ಮೆ ಅವರಲ್ಲಿ ಉಂಡಂತೆ.

ಇದು ಬರಿಯ ಆಟದ ಚಿಂತೆಯಲ್ಲ. ಊರಿನ ಹೋಟೆಲಿನವರಿಗೂ ಅಂಗಡಿಯವರಿಗೂ ವರ್ಷಕ್ಕೆ ಆರೇಳು ಪಂದ್ಯದ ದಿನಗಳೆಂದರೆ ನಮ್ಮ ರಥೋತ್ಸವದ ವ್ಯಾಪಾರ. ಆಟದ ಇಲಾಖೆಯಲ್ಲಿ ಕೊರತೆ ಬಿದ್ದರೆ ಅದು ಆಟದ ಇಲಾಖೆಯಲ್ಲೇ ನಿಲ್ಲುತ್ತದೆಂದು ಹೇಳುವವರಾರು? ವಿದ್ಯಾಲಯವನ್ನೇ ನಂಬಿದ ಊರಿನಲ್ಲಿ ಮಗಳು ಮನೆ ಕಟ್ಟಿಸಿದ್ದಾಳೆ. ಆ ಲೆಕ್ಕವನ್ನು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ರಾತ್ರಿ ಇಬ್ಬರೂ ಗೋಡೆಯ ಪಟ್ಟಿಯನ್ನು ನೋಡುತ್ತ ನಿಂತದ್ದು ಮಾತ್ರ ನೆನಪಿದೆ.

2025ರ ಆಗಸ್ಟ್ 30. ಮೊದಲ ಪಂದ್ಯ. ಎದುರಾಳಿ ಯಾರೆಂದಿರಿ? ಮಾಸ್ಕೊ! ಖಂಡವೆಲ್ಲ ತಿರುಗಬೇಕಾದ ವರ್ಷದಲ್ಲಿ ಮೊದಲ ಬಾಗಿಲು ತಟ್ಟಿದವರು ಎಂಟು ಮೈಲಿಯ ನೆರೆಯವರು. ಇವರಿಬ್ಬರ ಪಂದ್ಯ 1894ರಿಂದ ಇದೆ. ಒಂದು ಕಾಲಕ್ಕೆ ವರ್ಷವೂ ಆಡುತ್ತಿದ್ದರು. ದರ್ಜೆ, ಕೂಟಗಳ ಅಂತರ ಬೆಳೆದ ಹಾಗೆ ಅದು ಅಪರೂಪವಾಗಿ, ಎಷ್ಟೋ ವರ್ಷಕ್ಕೊಮ್ಮೆ ಎಂಬಂತಾಗಿತ್ತು.

ಬೆಳಗ್ಗೆ ಮೊಮ್ಮಗಳು ದೂರದರ್ಶನದ ಮುಂದೆ ಕೂರಿಸಿದಳು. ಈ ಆಟದ ವಿಷಯವಾಗಿ ಪ್ರತಿ ಶನಿವಾರ ಒಂದೊಂದು ಊರಿನಿಂದ ಬರುವ ದೊಡ್ಡ ಕಾರ್ಯಕ್ರಮ; ಆ ದಿನ ಒಹಾಯೊದ ಕೊಲಂಬಸ್‌ನಿಂದ. ಮಾತನಾಡುವವರ ಬೆನ್ನ ಹಿಂದೆ ಸಾವಿರಾರು ತಲೆಗಳು. ತಲೆಗಳ ಮೇಲೆ, ಆ ಪಂದ್ಯಕ್ಕೂ ಊರಿಗೂ ಸಂಬಂಧವೇ ಇಲ್ಲದೆ, ಪುಲ್‌ಮನ್‌ನ ಕೆಂಪು ಬಾವುಟ! 2003ರ ಅಕ್ಟೋಬರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಟೆಕ್ಸಸ್‌ಗೆ ಒಯ್ದು ಬೀಸಿದಂದಿನಿಂದ, ಕಾರ್ಯಕ್ರಮ ಎಲ್ಲಿ ನಡೆದರೂ ಆ ಸೀಮೆಯಲ್ಲಿರುವ ಪುಲ್‌ಮನ್‌ನ ಮಕ್ಕಳು ಯಾರಾದರೂ ಬಂದು ಅದನ್ನು ಹಿಡಿಯುತ್ತಾರಂತೆ. ಆ ಕಾರ್ಯಕ್ರಮ ಪುಲ್‌ಮನ್‌ಗೇ ಮೊದಲ ಬಾರಿ ಬಂದದ್ದು 2018ರಲ್ಲಿ. ಅಂದರೆ ಹದಿನೈದು ವರ್ಷ, ತಮ್ಮ ಊರನ್ನು ಕೇಳದವರ ಮುಂದೆ ತಮ್ಮ ಊರಿನ ಬಾವುಟವನ್ನು ಹಿಡಿದು ನಿಂತಿದ್ದರು. ಪರಊರಿನ ಬಾಡಿಗೆ ಸಭಾಂಗಣದಲ್ಲಿ ನವೆಂಬರ್ ಒಂದರಂದು ಬಾವುಟ ಏರಿಸುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಸಂಜೆ ಮೈದಾನಕ್ಕೆ ಹೋದೆವು. ಕೆಳದರ್ಜೆಯ ತಂಡ ಸುಲಭವಾಗಿ ಸೋಲುತ್ತದೆಂದು ಎಲ್ಲರ ಎಣಿಕೆ. ಹಾಗಾಗಲಿಲ್ಲ. ಮಾಸ್ಕೊ ಹುಡುಗರು ಕೊನೆಯ ಗಳಿಗೆಯವರೆಗೂ ಹಿಡಿದು ನಿಂತರು. ಕಡೆಗೆ ಪುಲ್‌ಮನ್ 13, ಮಾಸ್ಕೊ 10. ನಾನು ಎಷ್ಟು ಕೂಗಿದೆನೆಂದರೆ ಎರಡು ದಿನ ಗಂಟಲು ಕಟ್ಟಿತ್ತು. ಆದರೆ ಮಾಸ್ಕೊದವರು ಮುನ್ನುಗ್ಗಿದಾಗಲೂ ಒಂದೆರಡು ಸಲ ಕೂಗಿದೆನೆಂದು ಮೊಮ್ಮಗಳ ದೂರು.

ಪುಲ್‌ಮನ್‌ಗೆ ಈಗ ಹೊಸ ಬಳಗ ಗೊತ್ತಾಗಿದೆ. ಬಾಯ್ಸಿ, ಕೊಲರಾಡೊ ಸ್ಟೇಟ್, ಫ್ರೆಸ್ನೊ, ಸ್ಯಾನ್ ಡಿಯೇಗೊ, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್ ಸೇರಿ 2026ರಿಂದ ಫುಟ್‌ಬಾಲಿಗೆ ಎಂಟು ಕಾಲೇಜುಗಳ ಕೂಟವೆಂದು ತೀರ್ಮಾನವಾಯಿತು. ಹೆಸರು ಹಳೆಯದೇ, ಪ್ಯಾಕ್-ಹನ್ನೆರಡು. ಹಳೆಯ ವೈಭವ ಇಲ್ಲದಿರಬಹುದು. ಹಬ್ಬದ ದಿನ ಯಾರ ಮನೆಗೆ ಹೋಗಬೇಕೆಂಬುದಾದರೂ ಗೊತ್ತಿರುತ್ತದೆ.

ಎರಡು ಊರುಗಳ ನಡುವೆ, ಹಿಂದೆ ರೈಲು ಓಡಿದ ಜಾಡಿನಲ್ಲಿ, ಹಳ್ಳದ ಬದಿಗೆ ಕಾಲುದಾರಿಯಿದೆ. ಗಂಟಲು ಸರಿಹೋದ ಮೇಲೆ ಒಂದು ಬೆಳಗ್ಗೆ ಮೊಮ್ಮಗಳನ್ನು ಕರೆದುಕೊಂಡು ಮಾಸ್ಕೊಗೆ ನಡೆದೆ. ದಾರಿಯಲ್ಲಿ ಅವಳೇ ಹಳೆಯ ಸಂಪ್ರದಾಯವೊಂದನ್ನು ಹೇಳಿದಳು. 1938ರಿಂದ ಸುಮಾರು ಮೂವತ್ತು ವರ್ಷ, ಸೋತ ಕಾಲೇಜಿನ ವಿದ್ಯಾರ್ಥಿಗಳು ಗೆದ್ದವರ ಊರಿಗೆ ನಡೆದು ಹೋಗಬೇಕೆಂಬ ಕಟ್ಟಳೆಯಿತ್ತಂತೆ. 1954ರಲ್ಲಿ ಮಾಸ್ಕೊ 29 ವರ್ಷಗಳ ಬಳಿಕ ಗೆದ್ದಾಗ, ಪುಲ್‌ಮನ್‌ನಿಂದ ಸುಮಾರು ಎರಡು ಸಾವಿರ ಹುಡುಗರು ಹುಡುಗಿಯರು ನಡೆದು ಹೋದರಂತೆ. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತಂತೆ.

“ಹಾಗಾದರೆ ಈ ಸಲ ಅವರು ನಮ್ಮೂರಿಗೆ ನಡೆದು ಬರಬೇಕಾಗಿತ್ತು. ಗೆದ್ದವರು ನಾವೇಕೆ ನಡೆಯುತ್ತಿದ್ದೇವೆ ಅಜ್ಜಾ?” ಎಂದಳು.

“1962ರಲ್ಲಿ ನಿಮ್ಮೂರಿನವರು ಅವರನ್ನು ಹಿಂದೆ ಬಿಟ್ಟು ಹೋದರಲ್ಲ, ಅದರ ಬಾಕಿ” ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ, “ಆಗ ನಾನು ಹುಟ್ಟಿರಲಿಲ್ಲ” ಎಂದಳು. ಸಂಸ್ಥಾನದ ಗಡಿ ದಾಟಿದ್ದು ಇಬ್ಬರಿಗೂ ತಿಳಿಯಲೇ ಇಲ್ಲ. ಮಾಸ್ಕೊ ತಲುಪಿ ಐಸ್‌ಕ್ರೀಮ್ ತಿಂದೆವು. ಹಿಂದಿರುಗಲು ಮಗಳು ಮೋಟಾರು ತಂದಿದ್ದಳು.