ಗೋಡೆಯ ಮೇಲಿನ ದುಡಿಮೆಗಾರ

ಮದುವೆಯ ಮನೆಗೆ ಹೋದವರು ಚಪ್ಪರವನ್ನು ಹೊಗಳುತ್ತಾರೆ, ವಧುವಿನ ಸೀರೆಯನ್ನು ಹೊಗಳುತ್ತಾರೆ. ಹಿತ್ತಲಲ್ಲಿ ಒಲೆಯ ಮುಂದೆ ಬೆವರುವ ಅಡುಗೆಯವನನ್ನು ನೆನೆಯುವವರು ವಿರಳ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವನ ಹೆಸರು ಎಲ್ಲರ ಬಾಯಿಗೂ ಬರುತ್ತದೆ. ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಂಡ ಮನೆಗಳಲ್ಲಿ ಇನ್ವರ್ಟರ್ ಎಂಬ ಪೆಟ್ಟಿಗೆಯ ಪಾಡೂ ಹೀಗೆಯೇ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಿವೃತ್ತ ಗುಮಾಸ್ತರೊಬ್ಬರ ಮನೆಯುಂಟು. 2016ರ ಏಪ್ರಿಲಿನಲ್ಲಿ, ನಿವೃತ್ತಿಯ ಹಣ ಕೈಗೆ ಬಂದೊಡನೆ, ಯಜಮಾನರು ತಾರಸಿಯ ಮೇಲೆ ಹತ್ತು ಫಲಕಗಳನ್ನು ಹಾಕಿಸಿದರು. ಒಟ್ಟು ಸುಮಾರು 3 ಕಿಲೋವ್ಯಾಟ್. ಬಿಸಿಲು ಚೆನ್ನಾಗಿದ್ದ ದಿನ 12 ಯೂನಿಟ್ಟಿನಷ್ಟು ವಿದ್ಯುತ್ತು. ಮನೆಗೆ ಬೇಕಾದದ್ದು ಮನೆಗೆ, ಮಿಕ್ಕದ್ದು ಬೀದಿಯ ತಂತಿಗೆ. ಬಂದ ಅತಿಥಿಗಳಿಗೆಲ್ಲ ಕಾಫಿಗಿಂತ ಮೊದಲು ತಾರಸಿಯ ದರ್ಶನವಾಗಬೇಕು. “25 ವರ್ಷ ನೋಡಿ! 25ನೆಯ ವರ್ಷದಲ್ಲೂ ನೂರಕ್ಕೆ 80ರಷ್ಟು ಕೊಟ್ಟೇ ಕೊಡುತ್ತವೆಂದು ಬರೆದುಕೊಟ್ಟಿದ್ದಾರೆ” ಎಂದು ಯಜಮಾನರು ಮೀಸೆ ತಿರುವುತ್ತಿದ್ದರು. ನೀರಿನ ತೊಟ್ಟಿಯ ಪಕ್ಕದ ಪಶ್ಚಿಮದ ಗೋಡೆಗೆ ತೂಗುಹಾಕಿದ್ದ ಪೆಟ್ಟಿಗೆಯ ಕಡೆಗೆ ಯಾರೂ ಬೆರಳು ತೋರಿಸಿದ್ದಿಲ್ಲ.

ಒಮ್ಮೆ ಮಾತ್ರ ಅದು ನಿಂದೆಗೆ ಗುರಿಯಾಯಿತು. ನಡುಹಗಲಲ್ಲಿ ಬೀದಿಯ ವಿದ್ಯುತ್ತು ಹೋದಾಗ ಈ ಮನೆಯ ಪಂಖವೂ ನಿಂತಿತು. “ಮೇಲೆ ಬಿಸಿಲು ಸುಡುತ್ತಿದೆ, ಕೆಳಗೆ ಕತ್ತಲೆಯೇ?” ಎಂದು ಪಕ್ಕದ ಮನೆಯವರು ನಕ್ಕರು. ಆದರೆ ಅದು ಪೆಟ್ಟಿಗೆಯ ದೋಷವಲ್ಲ, ಸೌಜನ್ಯ. ಕಂಬ ಹತ್ತಿ ತಂತಿ ಸರಿಪಡಿಸುವ ಲೈನ್‌ಮನ್ನನಿಗೆ ಈ ಮನೆಯ ವಿದ್ಯುತ್ತು ತಗುಲಬಾರದೆಂದು, ಬೀದಿಯ ತಂತಿ ಸತ್ತೊಡನೆ ಅದೂ ಮೌನ ತಾಳುತ್ತದೆ. ಮೆಟ್ಟಿಲ ಕೆಳಗೆ ಬ್ಯಾಟರಿಯೊಡನೆ ಕುಳಿತು ಕತ್ತಲಲ್ಲಿ ದೀಪ ಉರಿಸುವ ಇನ್ವರ್ಟರ್ ಬೇರೆ, ಇದು ಬೇರೆ.

ಒಂಬತ್ತು ವರ್ಷ ಹೀಗೆ ಕಳೆಯಿತು. 2025ರ ಏಪ್ರಿಲಿನ ಒಂದು ಸಂಜೆ ಗೃಹಿಣಿ ಎಂದಿನಂತೆ ತಾರಸಿಗೆ ಹೋದರು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ದಿನದ ಯೂನಿಟ್ಟನ್ನೂ ಗುರುತು ಹಾಕುವುದು ಆಕೆಯ ಅಭ್ಯಾಸ. ಅಂದು ಪೆಟ್ಟಿಗೆಯ ಮುಖದಲ್ಲಿ ಬೆಳಕೇ ಇರಲಿಲ್ಲ.

“ಏನೂಂದ್ರೆ, ಇವತ್ತು ಏನೂ ಬರೆಯೋ ಹಾಗಿಲ್ಲ.”

ಮಾರನೆಯ ದಿನ ಬಂದ ಮೆಕ್ಯಾನಿಕ್ ಹುಡುಗ ಮುಚ್ಚಳ ಬಿಚ್ಚಿ, ಹೊಟ್ಟೆ ಉಬ್ಬಿದ ಕೆಪಾಸಿಟರುಗಳನ್ನು ತೋರಿಸಿದ. ಅವುಗಳ ಪಕ್ಕದ ಭಾಗಗಳೂ ಕರಕಾಗಿದ್ದವು. ರಿಪೇರಿಗಿಂತ ಹೊಸದೇ ಲೇಸೆಂದ. ಯಜಮಾನರು ಕಪಾಟಿನಿಂದ ಕಾಗದ ತೆಗೆದು ಕನ್ನಡಕ ಏರಿಸಿದರು. ಫಲಕಕ್ಕೆ 25 ವರ್ಷವೆಂದು ದಪ್ಪಕ್ಷರದಲ್ಲಿತ್ತು. ಕೆಳಗಿನ ಸಣ್ಣಕ್ಷರದಲ್ಲಿ ಇನ್ವರ್ಟರಿಗೆ 5 ವರ್ಷ. ಆ ಸಾಲನ್ನು ಅವರು ಓದಿಯೇ ಇರಲಿಲ್ಲ.

ಪೆಟ್ಟಿಗೆಯದು ಸಣ್ಣ ದುಡಿಮೆಯಲ್ಲ. ಫಲಕದ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂಥದು. ಮನೆಗೆ ಬೇಕಾದದ್ದು ಸೆಕೆಂಡಿಗೆ 50 ಸಲ ಹಿಂದುಮುಂದಾಗುವ 230 ವೋಲ್ಟಿನದು. ಒಂದನ್ನು ಇನ್ನೊಂದಾಗಿಸಲು ಒಳಗಿನ ಸೂಕ್ಷ್ಮ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತವೆ. ಈ ಕೆಲಸದಲ್ಲಿ ನೂರಕ್ಕೆ 3 ಪಾಲು ಕಾವಾಗಿ ಕಳೆದರೂ, ನಡುಹಗಲಲ್ಲಿ ಹಳೆಯ 100 ವ್ಯಾಟ್ ಬಲ್ಬೊಂದು ಪೆಟ್ಟಿಗೆಯೊಳಗೆ ಉರಿದಷ್ಟಾಯಿತು. ಕೆಪಾಸಿಟರಿನೊಳಗಿನ ದ್ರವ ಆ ಕಾವಿಗೆ ಮೆಲ್ಲಮೆಲ್ಲನೆ ಆರುತ್ತದೆ. ಕಾವು 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಪಶ್ಚಿಮದ ಗೋಡೆಯ ಇಳಿಹೊತ್ತಿನ ಬಿಸಿಲು ಏನು ಮಾಡಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಯಜಮಾನರು ಹಾಳೆ ತೆಗೆದು ಲೆಕ್ಕ ಹಾಕಿದರು. ದಿನಕ್ಕೆ 12 ಗಂಟೆಯಂತೆ ಒಂಬತ್ತು ವರ್ಷಕ್ಕೆ 39,420 ಗಂಟೆ. ಕಚೇರಿಯಲ್ಲಿ ತಾವು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದಿದ್ದರೂ ಇಷ್ಟು ಗಂಟೆ ತುಂಬಲು 20 ವರ್ಷ ಹಿಡಿಯುತ್ತಿತ್ತು. ಒಂದು ದಿನದ ರಜೆಯನ್ನೂ ಕೇಳದ ಆ ಪೆಟ್ಟಿಗೆಯ ಮೇಲಿನ ಕೋಪ ಅಲ್ಲಿಗೇ ಇಳಿಯಿತು.

ಇದು ಬೆಂಗಳೂರಿಗೊಂದಕ್ಕೇ ಬಂದ ಕಷ್ಟವೂ ಅಲ್ಲ. ತಂಪು ನಾಡಾದ ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ 1982ರಲ್ಲಿ 10 ಕಿಲೋವ್ಯಾಟಿನ ಸೌರಸ್ಥಾವರವೊಂದನ್ನು ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿದರು. ಯೂರೋಪಿನಲ್ಲಿ ಅಂಥ ಪ್ರಯತ್ನಕ್ಕೆ ಅದೇ ಮೊದಲು. 35 ವರ್ಷಗಳ ಬಳಿಕ ಪರೀಕ್ಷಿಸಿದಾಗಲೂ ಅಲ್ಲಿನ ಫಲಕಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ದುಡಿಯುತ್ತಿದ್ದವು. ಅಷ್ಟರಲ್ಲಿ ಇನ್ವರ್ಟರನ್ನು ಮಾತ್ರ ಒಂದಕ್ಕಿಂತ ಹೆಚ್ಚು ಸಲ ಬದಲಾಯಿಸಬೇಕಾಗಿತ್ತು. ಮನೆಗಳ ಇನ್ವರ್ಟರಿಗೆ 10ರಿಂದ 15 ವರ್ಷವೆಂದು ಎಣಿಸುವುದೇ ವಾಡಿಕೆ. ಫಲಕಗಳ ಒಂದು ಆಯುಸ್ಸಿಗೆ ಪೆಟ್ಟಿಗೆ ಒಮ್ಮೆಯಾದರೂ ಬದಲಾಗುತ್ತದೆ.

ತಿಳಿವಳಿಕೆಯೇನೋ ಬಂತು, ಹಣ ಬರಬೇಕಲ್ಲ! ಹೊಸದರ ಬೆಲೆ ಹೆಚ್ಚುಕಡಮೆ ಒಂದು ತಿಂಗಳ ಪಿಂಚಣಿ. ಮಗನನ್ನು ಕೇಳಲು ಮನಸ್ಸಿಲ್ಲ, ಕೇಳದಿದ್ದರೆ ದಾರಿಯಿಲ್ಲ. ಎರಡು ದಿನ ಯಜಮಾನರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಗೃಹಿಣಿ ಅಡುಗೆಮನೆಯ ಸಾಸಿವೆ ಡಬ್ಬಿಯಿಂದ ಅಂಚೆ ಕಚೇರಿಯ ಪಾಸ್‌ಪುಸ್ತಕ ತೆಗೆದು ಮುಂದಿಟ್ಟರು. ಕರೆಂಟ್ ಬಿಲ್ಲಿನಲ್ಲಿ ಉಳಿದ ಹಣದಿಂದ ತಿಂಗಳಿಗೆ 300 ರೂಪಾಯಿ. 108 ತಿಂಗಳಿಗೆ 32,400.

“ನಿನಗೆ ಹೇಗೆ ತಿಳಿಯಿತು, ಇದು ಕೆಡುತ್ತದೆಂದು?”

“ನಮ್ಮ ಗ್ರೈಂಡರನ್ನು ನೋಡಿಲ್ಲವೇ? ಕಲ್ಲು ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಬೆಲ್ಟು ಎಷ್ಟು ಸಲ ಹಾಕಿಸಿದಿರಿ?”

ಯಜಮಾನರಲ್ಲಿ ಉತ್ತರವಿರಲಿಲ್ಲ.

ಹೊಸ ಪೆಟ್ಟಿಗೆ ಉತ್ತರದ ಗೋಡೆಯ ನೆರಳಿಗೆ ಬಂತು. ಸುತ್ತ ಗಾಳಿಯಾಡಲು ಮೊಳದಷ್ಟು ಜಾಗ, ಸಿಡಿಲಿನ ಹೊಡೆತ ತಡೆಯುವ ಸಾಧನ, ಸರಿಯಾದ ಅರ್ಥಿಂಗ್. ಈ ಸಲ ವಾರಂಟಿ 10 ವರ್ಷ, ಸಣ್ಣಕ್ಷರವನ್ನೂ ಓದಿಯೇ ರುಜು ಹಾಕಿದ್ದು. ತಿಂಗಳಿಗೊಮ್ಮೆ ಅದರ ಬೆನ್ನಿನ ಧೂಳು ಒರೆಸುವ ಕೆಲಸವನ್ನು ಯಜಮಾನರೇ ವಹಿಸಿಕೊಂಡರು.

2024ರಲ್ಲಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಆರಂಭವಾಗಿ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಾರಿದ ಮೇಲೆ ಆ ಬೀದಿಯಲ್ಲೂ ಹಲವರಿಗೆ ಫಲಕದ ಆಸೆ ಹುಟ್ಟಿದೆ. ಸಲಹೆ ಕೇಳಲು ಬಂದವರಿಗೆ ಯಜಮಾನರು ಈಗ 25 ವರ್ಷದ ಮಾತೆತ್ತುವುದಿಲ್ಲ. “ಪೆಟ್ಟಿಗೆ ಎಲ್ಲಿ ಹಾಕಿಸುತ್ತೀರಿ? ನೆರಳುಂಟೆ? ಅದಕ್ಕೆಂದು ತಿಂಗಳಿಗೆ ಎಷ್ಟು ತೆಗೆದಿಡುತ್ತೀರಿ?” ಎಂದು ಮೊದಲು ಕೇಳುತ್ತಾರೆ.

ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಅವರದೇ ದುಂಡಕ್ಷರದಲ್ಲಿ ಒಂದು ಚೀಟಿ ಅಂಟಿಸಿದೆ: “ಹಾಕಿಸಿದ್ದು 2025. ಬದಲಾಯಿಸಬೇಕಾದದ್ದು 2035ರ ನಂತರ.” ಅದನ್ನು ಬರೆಯುವಾಗ ಅವರಿಗೆ 69 ವರ್ಷ. ಎರಡನೆಯ ಸಾಲಿನ ಮುಂದೆ ಲೇಖನಿ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಕೆಳಗೆ ಮಗನ ಹೆಸರನ್ನೂ ಸೇರಿಸಿದರು.

ಗೃಹಿಣಿ ಅದನ್ನು ಓದಿದರು, ಏನೂ ಹೇಳಲಿಲ್ಲ. ಮುಂದಿನ ತಿಂಗಳು ಪಿಂಚಣಿ ಬಂದ ದಿನವೇ ಅಂಚೆ ಕಚೇರಿಗೆ ಹೋಗಿ, 300ರ ಬದಲು 350 ಕಟ್ಟಿ ಬಂದರು.