ಮಧುಚಂದ್ರದ ಬಿಡಾರ

ನಮ್ಮ ಊರಿನ ಹೆಸರಿನಲ್ಲಿ ಸಮುದ್ರವಿದೆ. ಊರಿನ ಬಳಿಯಲ್ಲೆಲ್ಲಿಯೂ ಇಲ್ಲ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರವು ಆಂಧ್ರದ ಗಡಿಗೆ ಸಮೀಪವಾಗಿ, ಬಂಡೆಗುಡ್ಡಗಳ ಸೀಮೆಯಲ್ಲಿ, ಕಡಲೆಕಾಯಿ ಬೆಳೆಯುವ ಬಯಲಿನ ನಡುವಣ ಹೋಬಳಿ ಗ್ರಾಮ. ನಮ್ಮ ನಾಡಿನ ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದು ತೃಪ್ತಿಪಡುತ್ತಿದ್ದರು. ಹೊಯ್ಸಳರ ದೋರಸಮುದ್ರಕ್ಕೂ ಆ ಹೆಸರು ಬಂದುದು ಕೆರೆಯಿಂದಲೇ. ನಿಜವಾದ ಕಡಲನ್ನು ಕಾಣಬೇಕಾದರೆ ಇಲ್ಲಿಂದ ನೇರ ಪಡುವಣಕ್ಕೆ ಗೆರೆಯೆಳೆಯಬೇಕು. ಆ ಗೆರೆಯು 250 ಕಿಲೋಮೀಟರುಗಳಿಗೂ ಮಿಕ್ಕ ದೂರವನ್ನು ದಾಟಿ ಅಂಕೋಲೆ ಕಾರವಾರಗಳ ಆಸುಪಾಸಿನಲ್ಲಿ ತೀರವನ್ನು ಮುಟ್ಟುತ್ತದೆ. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಅಲ್ಲಿ 3,000 ಮಿಲಿಮೀಟರಿಗೂ ಹೆಚ್ಚು. ಇಂತಹ ಸೀಮೆಯ ವೃದ್ಧರಲ್ಲಿ ಅನೇಕರು ಕಡಲನ್ನು ಪುರಾಣದಲ್ಲಿ ಕೇಳಿದವರೇ ಹೊರತು ಕಣ್ಣಿನಿಂದ ಕಂಡವರಲ್ಲ. ಅವರ ಮೊಮ್ಮಕ್ಕಳಾದರೋ ಈಗ ವಿವಾಹದ ಅರಿಸಿನ ಆರುವುದರೊಳಗಾಗಿ ಕಡಲ ತೀರದಲ್ಲೊಂದು ಹೋಟೆಲನ್ನು ಹುಡುಕುತ್ತಾರೆ. ಈ ಹುಡುಕಾಟದ ವಿಷಯವಾಗಿ ಗೃಹಸ್ಥರಾದ ವಾಚಕರೊಡನೆ ಕೆಲವು ಮಾತುಗಳನ್ನಾಡಬೇಕೆಂದು ನಮ್ಮ ಇಚ್ಛೆ.

ಮಧುಚಂದ್ರವೆಂಬ ಶಬ್ದವು ಈ ಅರ್ಥದಲ್ಲಿ ಸಂಸ್ಕೃತದ ಹಳೆಯ ಕೋಶಗಳಲ್ಲಿ ದೊರೆಯದು. ಅದು ಇಂಗ್ಲಿಷರ ‘ಹನಿಮೂನ್’ ಎಂಬುದನ್ನು ಪದಕ್ಕೆ ಪದವಾಗಿ ತಿರುಗಿಸಿಕೊಂಡುದು. 16ನೆಯ ಶತಮಾನದಲ್ಲಿ ಆ ಮಾತು ಅವರಲ್ಲಿ ಬಳಕೆಗೆ ಬಂದಾಗ ಅದರಲ್ಲೊಂದು ಕುಟುಕೂ ಇದ್ದಿತು: ಹುಣ್ಣಿಮೆಯ ಚಂದ್ರನಂತೆ ಈ ಸವಿಯೂ ಕ್ರಮೇಣ ಕ್ಷಯಿಸತಕ್ಕದ್ದೆಂದು. ಶಬ್ದವು ಹೊಸದಾದರೂ ವಸ್ತುವು ಹೊಸದಲ್ಲ. ಕಾಳಿದಾಸನ ಕುಮಾರಸಂಭವದ ಎಂಟನೆಯ ಸರ್ಗದಲ್ಲಿ ಪರಮೇಶ್ವರನು ವಿವಾಹಾನಂತರ ಒಂದು ತಿಂಗಳು ಮಾವನ ಮನೆಯಲ್ಲಿದ್ದು, ಬಳಿಕ ಹಿಮವಂತನ ಒಪ್ಪಿಗೆ ಪಡೆದು, ಪಾರ್ವತಿಯೊಡನೆ ಮೇರು, ಮಂದರ, ಮಲಯ, ಗಂಧಮಾದನಗಳಲ್ಲಿ ವಿಹರಿಸುತ್ತಾನೆ. ನಮ್ಮ ಗೃಹ್ಯಸೂತ್ರಗಳೂ ವಿವಾಹವಾದ ಕೂಡಲೆ ವಧೂವರರಿಗೆ ಮೂರು ರಾತ್ರಿಗಳ ವ್ರತವನ್ನು ವಿಧಿಸಿವೆ. ಇಬ್ಬರೂ ನೆಲದ ಮೇಲೆ ಮಲಗತಕ್ಕದ್ದು, ಉಪ್ಪು ಖಾರಗಳನ್ನು ಬಿಡತಕ್ಕದ್ದು, ಬ್ರಹ್ಮಚರ್ಯದಿಂದಿರತಕ್ಕದ್ದು. ನಾಲ್ಕನೆಯ ದಿನ ಚತುರ್ಥೀಕರ್ಮ. ಶಾಸ್ತ್ರಕಾರರ ಅಭಿಪ್ರಾಯವೇನೇ ಇರಲಿ, ಅಪರಿಚಿತರಾದ ಇಬ್ಬರಿಗೆ ಒಬ್ಬರನ್ನೊಬ್ಬರು ಅರಿತುಕೊಳ್ಳಲು ಮೂರು ರಾತ್ರಿಗಳ ಅವಕಾಶವು ಅದರಿಂದ ಲಭಿಸುತ್ತಿದ್ದುದಂತೂ ಸರಿ.

ನಮ್ಮ ತಲೆಮಾರಿನವರಿಗೆ ಆ ವ್ರತವೂ ಉಳಿದಿರಲಿಲ್ಲ, ಹೋಟೆಲೂ ಬಂದಿರಲಿಲ್ಲ. 1990ರ ಸುಮಾರಿಗೆ ನಮ್ಮ ವಿವಾಹವಾದಾಗ ನವದಂಪತಿಗಳೆಂದು ನಾವು ಹೋಗಿಬಂದುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದರ್ಶನಕ್ಕೆ. ಜೊತೆಯಲ್ಲಿ ಏಳು ಮಂದಿ ಬಂಧುಗಳು. ನಮ್ಮ ಗೃಹಿಣಿಯು ಆ ದಿನ ನಮ್ಮೊಡನೆ ಆಡಿದ ಮಾತುಗಳು ಎರಡು. ಎರಡೂ ನೀರಿನ ಚೊಂಬಿನ ವಿಷಯ. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಆದರೆ ಆ ಕಾಲವೇ ಚೆನ್ನಾಗಿತ್ತೆಂದು ಹೇಳುವವರ ಪಂಕ್ತಿಯಲ್ಲಿ ಕೂಡಲು ನಮಗೆ ಮನಸ್ಸಿಲ್ಲ.

ನಮ್ಮಲ್ಲಿ ಓದಿದ ಹುಡುಗನೊಬ್ಬನಿಗೆ ಕಳೆದ ಮಾಘಮಾಸದಲ್ಲಿ ವಿವಾಹವಾಯಿತು. ಅವನದು ಮೊಳಕಾಲ್ಮೂರಿನ ಮಗ್ಗದ ಮನೆ. ಆ ಊರಿನ ರೇಷ್ಮೆಸೀರೆಯ ಕೀರ್ತಿಯನ್ನು ವಾಚಕರು ಬಲ್ಲರು. ಭೌಗೋಳಿಕ ಸೂಚಕವೆಂಬ ಮುದ್ರೆಯೂ ಅದಕ್ಕೆ ದೊರೆತಿದೆ. ಸೀರೆಯನ್ನು ಉಡುವವರಿಗೆ ತಿಳಿಯದ ಸಂಗತಿಯೊಂದೆಂದರೆ, ಅದನ್ನು ನೇಯುವವನ ಮನೆಯಲ್ಲಿ ಅತ್ಯಂತ ದೊಡ್ಡ ಕೋಣೆಯು ಮಗ್ಗಕ್ಕೇ ಸಲ್ಲುತ್ತದೆ. ಮನುಷ್ಯರು ಮಿಕ್ಕ ಸ್ಥಳದಲ್ಲಿ ಇರತಕ್ಕದ್ದು. ಹುಡುಗನು ನೇಯ್ಗೆಯ ಕೂಲಿಯಲ್ಲಿ 22,000 ರೂಪಾಯಿಗಳನ್ನು ಕೂಡಿಟ್ಟುಕೊಂಡಿದ್ದನು. ತನ್ನ ಮೊಬೈಲಿನಲ್ಲಿ ಇಪ್ಪತ್ತು ಹೋಟೆಲುಗಳ ಚಿತ್ರಗಳನ್ನು ತುಂಬಿಕೊಂಡು, ನವವಧುವನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದು, ಯಾವುದಾಗಬಹುದೆಂದು ಕೇಳಿದನು.

ಮನೆಯ ಹಿರಿಯರು ಆಗಲೇ ತಮ್ಮ ತಮ್ಮ ಅಭಿಪ್ರಾಯಗಳನ್ನು ಕೊಟ್ಟಿದ್ದರು. ತಾಯಿಗೆ ಗೋಕರ್ಣವಾದರೆ ಒಪ್ಪಿಗೆ. ಹೇಗೂ ಹೋಗುವಿರಷ್ಟೆ, ಪಿತೃಕಾರ್ಯವೂ ಆಗಲಿ, ಇಬ್ಬರು ಅತ್ತೆಯರೂ ಬರಲಿ ಎಂದು. ಷಡ್ಡಕನಿಗೆ ಗೋವೆಯ ಮೇಲೆ ಒಲವು. ಹುಡುಗನಿಗೆ ಮುರುಡೇಶ್ವರದ 123 ಅಡಿಯ ಶಿವಮೂರ್ತಿಯ ಚಿತ್ರ ಮನಸ್ಸಿಗೆ ಹತ್ತಿತ್ತು. ಕಾರವಾರದ ಹೆಸರನ್ನು ನಾವೂ ಸೂಚಿಸಿದೆವು. 1880ರ ದಶಕದ ಆರಂಭದಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತರುಣ ರವೀಂದ್ರನಾಥ ಠಾಕೂರರು ತಂಗಿದ್ದ ತೀರವಷ್ಟೆ ಅದು. ಕಡೆಗೆ ಗೋಕರ್ಣವೇ ನಿಶ್ಚಯವಾಯಿತು, ಅತ್ತೆಯರನ್ನೂ ಪಿತೃಕಾರ್ಯವನ್ನೂ ಬಿಟ್ಟು.

ಗೋಕರ್ಣದಲ್ಲಿ ಒಂದೇ ಹೆಸರಿನ ಎರಡು ಊರುಗಳಿವೆಯೆಂದು ತಿಳಿದಿರಬೇಕು. ಒಂದು ಮಹಾಬಲೇಶ್ವರನ ಕ್ಷೇತ್ರ. ರಥಬೀದಿ, ಕೋಟಿತೀರ್ಥ, ಪುರೋಹಿತರ ಮನೆಗಳು, ಯಾತ್ರಿಕರ ಛತ್ರಗಳು. ಮತ್ತೊಂದು ಅದರ ದಕ್ಷಿಣದ ಗುಡ್ಡದಾಚೆ, ಕುಡ್ಲೆ ಮತ್ತು ಓಂ ಎಂಬ ತೀರಗಳ ಉದ್ದಕ್ಕೂ ಹಬ್ಬಿರುವ ವಿಹಾರದ ಊರು. ಮೊದಲನೆಯದರಲ್ಲಿ ಬಾಡಿಗೆ ಅಗ್ಗ, ಗಂಟೆಯ ನಾದ, ಜನಸಂದಣಿ. ಎರಡನೆಯದರಲ್ಲಿ ಅಲೆಯ ಶಬ್ದ, ಗುಡ್ಡವಿಳಿದು ಹತ್ತುವ ಶ್ರಮ. ಕುಡ್ಲೆಯ ಹಲವು ಬಿಡಾರಗಳ ಬಾಗಿಲಿಗೆ ವಾಹನ ಹೋಗುವುದಿಲ್ಲ. ಪೆಟ್ಟಿಗೆಯನ್ನು ಹೊತ್ತು ಕಾಲುದಾರಿಯಲ್ಲಿ ಇಳಿಯಬೇಕು. ಗೋಕರ್ಣ ರೋಡ್ ಎಂಬ ರೈಲುನಿಲ್ದಾಣವೂ ಊರಿಗೆ ಸುಮಾರು 10 ಕಿಲೋಮೀಟರು ದೂರ. ಇವೆಲ್ಲವೂ ಚಿತ್ರದಲ್ಲಿ ಕಾಣುವ ಸಂಗತಿಗಳಲ್ಲ.

ಹೋಟೆಲಿಗೂ ಮೊದಲು ಆಯ್ದುಕೊಳ್ಳತಕ್ಕದ್ದು ಕಾಲವನ್ನು. ನಮ್ಮ ಕಡೆ ಆಷಾಢದಲ್ಲಿ ಹೊಸ ಸೊಸೆಯು ತವರಿನಲ್ಲಿರುವುದು ರೂಢಿ. ಕಡಲಿಗೂ ಅಂತಹುದೇ ಒಂದು ಕಟ್ಟಳೆಯುಂಟು: ಮೀನಿನ ಸಂತಾನವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕರ್ನಾಟಕದ ತೀರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಲ್ಲಿ ಹೋಟೆಲುಗಳ ದರವು ಇಳಿಯುವುದು ನಿಜ. ಆದರೆ ದಿನವಿಡೀ ಮಳೆ, ನೀರಿಗಿಳಿಯಲು ತಡೆ. ಡಿಸೆಂಬರಿನ ಕಡೆಯ ವಾರದಲ್ಲಿ ದರವು ಮುಗಿಲಿಗೇರುತ್ತದೆ. ಶಿವರಾತ್ರಿಯಲ್ಲಿ ಗೋಕರ್ಣದಲ್ಲಿ ರಥೋತ್ಸವ; ಆಗ ಕಾಲಿಡಲು ಸ್ಥಳವಿರದು. ನಮ್ಮ ದಂಪತಿಗಳು ಶಿವರಾತ್ರಿಯನ್ನು ಕಳೆದು, ಫಾಲ್ಗುಣದ ಮೊದಲಿನಲ್ಲಿ, ಶನಿವಾರ ಭಾನುವಾರಗಳನ್ನು ಬಿಟ್ಟು ಹೊರಡುವುದೆಂದು ತೀರ್ಮಾನಿಸಿದರು.

ಕಡಲಿನ ವಿಷಯದಲ್ಲಿ ಬಯಲುಸೀಮೆಯವರಿಗೆ ಒಂದು ಎಚ್ಚರಿಕೆ ಅವಶ್ಯ. ಬಾವಿಯಲ್ಲಿ ಈಜು ಕಲಿತವನು ಕಡಲನ್ನೂ ದೊಡ್ಡ ಬಾವಿಯೆಂದೇ ಭಾವಿಸುತ್ತಾನೆ. ಅಲೆಗಳು ದಡಕ್ಕೆ ತಂದೊಟ್ಟಿದ ನೀರು ಹಿಂದಿರುಗುವಾಗ ಇಕ್ಕಟ್ಟಾದ ಒಂದು ದಾರಿಯನ್ನು ಹಿಡಿದು ರಭಸದಿಂದ ಒಳಕ್ಕೆ ಹರಿಯುವುದುಂಟು. ಆ ಸ್ಥಳದಲ್ಲಿ ಅಲೆ ಕಡಮೆಯಿರುವುದರಿಂದ ನೋಡುವವರಿಗೆ ಅದೇ ಶಾಂತವಾದ ನೀರೆಂದು ತೋರುತ್ತದೆ. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಲು ಹೆಣಗಿದರೆ ಬಲಗುಂದುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡಕ್ಕೆ ತಿರುಗಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ನೆನೆದರೆ, ಉಪಾಧ್ಯಾಯವೃತ್ತಿಯಲ್ಲಿದ್ದ ನಮಗೆ ಇಂದಿಗೂ ಎದೆ ನಡುಗುತ್ತದೆ. ಆದಕಾರಣ ಜೀವರಕ್ಷಕರು ಕಾವಲಿರುವ ತೀರದ ಸಮೀಪದಲ್ಲಿಯೇ ಬಿಡಾರವನ್ನು ಹುಡುಕತಕ್ಕದ್ದು. ಅವರು ಬೇಡವೆಂದಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯತಕ್ಕದ್ದಲ್ಲ.

ಇನ್ನು ಹೋಟೆಲಿನ ವಿಷಯ. ಹುಡುಗನು ಮೆಚ್ಚಿಕೊಂಡಿದ್ದ ‘ಸಮುದ್ರಾಭಿಮುಖ’ ಕೋಣೆಗೆ ರಾತ್ರಿಯೊಂದಕ್ಕೆ 6,800 ರೂಪಾಯಿ. ಮೂರು ರಾತ್ರಿಗಳಿಗೆ 20,400. ನೂರಕ್ಕೆ 5ರ ತೆರಿಗೆ ಸೇರಿದರೆ 21,420. ಮಿಕ್ಕ 580 ರೂಪಾಯಿಗಳಲ್ಲಿ ಇಬ್ಬರು ಉಣ್ಣಬೇಕು, ಊರಿಗೂ ಮರಳಬೇಕು! ತೆರಿಗೆಯ ವಿಷಯದಲ್ಲಿ ತಿಳಿದಿರಬೇಕಾದುದಿಷ್ಟು: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳ ವರೆಗಿನ ಕೋಣೆಗೆ ನೂರಕ್ಕೆ 5, ಅದಕ್ಕೆ ಮೇಲ್ಪಟ್ಟುದಕ್ಕೆ 18. ತೋರಿಸಿದ ದರದಲ್ಲಿ ತೆರಿಗೆಯು ಸೇರಿದೆಯೆ ಇಲ್ಲವೆ ಎಂದು ಕೇಳಿ ತಿಳಿಯಬೇಕು. ಚಿತ್ರಗಳನ್ನು ನಂಬದೆ, ಇತ್ತೀಚೆಗೆ ಅಲ್ಲಿ ತಂಗಿದ್ದವರು ಬರೆದ ದೂರುಗಳನ್ನು ಓದಬೇಕು. ಹೊಗಳಿಕೆಗಿಂತ ದೂರಿನಲ್ಲಿ ವಿವರ ಹೆಚ್ಚು. ಮುಂಗಡವನ್ನು ಕಳುಹಿಸುವ ಮೊದಲು ಹೋಟೆಲಿನವರೊಡನೆ ನೇರವಾಗಿ ಮಾತನಾಡಬೇಕು. ಹೋಟೆಲಿನ ಹೆಸರಿನಲ್ಲಿ ಸುಳ್ಳು ತಾಣಗಳನ್ನು ತೆರೆದು ಹಣ ಸೆಳೆಯುವವರಿದ್ದಾರೆ. ಹಾಗೆ ಮೋಸಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ದೂರುಕೊಡಬಹುದು. ಇಬ್ಬರ ಗುರುತಿನ ಚೀಟಿಗಳೂ ಕೈಯಲ್ಲಿರಲಿ; ವಿವಾಹದ ಪ್ರಮಾಣಪತ್ರವನ್ನು ತೋರಿಸಬೇಕೆಂಬ ಕಾನೂನೇನೂ ಇಲ್ಲ. ಹಾಸಿಗೆಯ ಮೇಲೆ ಹೂವಿನ ಹಂಸಗಳನ್ನಿಟ್ಟು, ಮೇಣದಬತ್ತಿಯ ಬೆಳಕಿನಲ್ಲಿ ಊಟವಿಕ್ಕಿ, ಅದಕ್ಕಾಗಿ ಬೇರೆ ಹಣ ಕೇಳುವ ‘ಹನಿಮೂನ್ ಪ್ಯಾಕೇಜು’ ಎಂಬುದೊಂದುಂಟು. ಬೇಕಾದವರು ಕೊಳ್ಳಲಿ. ನಮ್ಮ ಮಟ್ಟಿಗೆ, ವಿದ್ಯುತ್ತು ನಿಂತಾಗ ದೀಪವುಂಟೆ, ಬೆಳಗ್ಗೆ ಬಿಸಿನೀರುಂಟೆ ಎಂಬುದೇ ಮುಖ್ಯ.

ಇಷ್ಟನ್ನೆಲ್ಲಾ ವಿಚಾರಿಸುವ ಹೊತ್ತಿನಲ್ಲಿ ವಧುವು ಬಾಗಿಲ ಬಳಿ ಕುಳಿತು ಸುಮ್ಮನೆ ಕೇಳುತ್ತಿದ್ದಳು. ತಾಯಿ, ಷಡ್ಡಕ, ಗಂಡ, ಮೇಷ್ಟ್ರು ಎಲ್ಲರೂ ಮಾತನಾಡಿ ಆಗಿತ್ತು. ನಿನಗೇನು ಬೇಕಮ್ಮಾ ಎಂದು ನಾವು ಕೇಳಿದೆವು. ಆಕೆ ಸ್ವಲ್ಪ ಹೊತ್ತು ನೆಲವನ್ನು ನೋಡಿ, “ಆ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕ ಇರುತ್ತದೆಯೆ?” ಎಂದಳು.

ಹುಡುಗನು ನಕ್ಕನು. ನಮಗೆ ನಗು ಬರಲಿಲ್ಲ. ಆಕೆ ಎರಡಂಕಣದ ಮನೆಯಲ್ಲಿ ಒಂಬತ್ತು ಜನರ ನಡುವೆ ಬೆಳೆದವಳು. ಸೇರಿದ ಮನೆಯಲ್ಲಿ ದಂಪತಿಗಳಿಗೆಂದು ಕೊಟ್ಟ ಮೂಲೆಗೆ ಇದ್ದುದು ಹಳೆಯ ಸೀರೆಯ ಪರದೆ. ಇಪ್ಪತ್ತಮೂರು ವರ್ಷಗಳಲ್ಲಿ ತಾನೇ ಹಾಕಿಕೊಂಡು ತಾನೇ ತೆಗೆಯಬಹುದಾದ ಬಾಗಿಲಿನ ಹಿಂದೆ ಆಕೆ ಒಂದು ರಾತ್ರಿಯೂ ಮಲಗಿರಲಿಲ್ಲ. ಸಮುದ್ರವು ಕಿಟಕಿಯಲ್ಲಿ ಕಾಣುವುದೋ ಇಲ್ಲವೋ ಎಂಬುದು ಆಕೆಗೆ ದೊಡ್ಡ ವಿಷಯವಾಗಿರಲಿಲ್ಲ. ಸಮುದ್ರವನ್ನು ನಡೆದುಹೋಗಿಯೂ ನೋಡಬಹುದಷ್ಟೆ. ಅಲ್ಲಿಂದಾಚೆಗೆ ಹುಡುಗನು ತಾನಾಗಿ ಮೊಬೈಲನ್ನು ಆಕೆಯ ಕೈಗಿತ್ತನು. ಅರ್ಧ ಗಂಟೆಯಲ್ಲಿ ಆಕೆಯೇ ಒಂದನ್ನು ಆರಿಸಿದಳು: ತೀರದಿಂದ ಹತ್ತು ನಿಮಿಷದ ನಡಿಗೆ, ಗಂಡಹೆಂಡಿರೇ ನಡೆಸುವ ಚಿಕ್ಕ ವಸತಿಗೃಹ, ರಾತ್ರಿಗೆ 2,400 ರೂಪಾಯಿ; ಮೂರು ರಾತ್ರಿಗಳಿಗೆ ತೆರಿಗೆ ಸೇರಿ 7,560. ದೂರವಾಣಿಯಲ್ಲಿ ಚಿಲಕದ ವಿಷಯವನ್ನೂ ಆಕೆಯೇ ಕೇಳಿದಳು.

ಅವರು ಹೋಗಿಬಂದ ಬಳಿಕ ಅಲ್ಲಿ ನಡೆದುದನ್ನು ನಮಗೆ ತಿಳಿಸಿದವನು ಹುಡುಗ. ಹೆಸರಿಲ್ಲದೆ ಬರೆಯಲು ಇಬ್ಬರೂ ಒಪ್ಪಿದ್ದಾರೆ. ಕಡಲನ್ನು ಕಂಡು ಆಕೆಯು ಮೊದಲು ಹೆದರಿದಳಂತೆ. ಕುಚ್ಚಲಕ್ಕಿಯ ಅನ್ನವು ಅವನಿಗೆ ಸೇರಲಿಲ್ಲವಂತೆ. ಎರಡನೆಯ ರಾತ್ರಿ, ತಾನು ಬಿ.ಎಡ್. ಓದಬೇಕೆಂದಿದ್ದುದನ್ನು ಆಕೆ ಹೇಳಿದಳು. ವಿವಾಹದ ಮಾತುಕತೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮನೆಯಲ್ಲಿ ಪರದೆಯ ಹಿಂದಿನಿಂದ ಆಡಿದ್ದರೆ ಅತ್ತೆಗೆ ಕೇಳುತ್ತಿತ್ತು. ಮೂರನೆಯ ರಾತ್ರಿ ಅವನು ನೂಲಿಗಾಗಿ ಮಾಡಿದ್ದ ಸಾಲವನ್ನು ಹೇಳಿದನು. ಅದು ಅವನ ತಂದೆಗೂ ತಿಳಿದಿರಲಿಲ್ಲ. ಮನೆಗೆ ಮರಳಿದ ಬಳಿಕ ಈ ಎರಡು ಸಂಗತಿಗಳನ್ನೂ ಇಬ್ಬರೂ ಜೊತೆಯಾಗಿ ಕುಳಿತು ಹಿರಿಯರಿಗೆ ತಿಳಿಸಿದರು. ಮನೆಯಲ್ಲಿ ಗದ್ದಲವಾಗದೆ ಇರಲಿಲ್ಲ. ಈಗ ಸಾಲವು ತಿಂಗಳು ತಿಂಗಳೂ ತೀರುತ್ತಿದೆ, ಆಕೆ ಬಿ.ಎಡ್. ಪ್ರವೇಶಕ್ಕೆ ಅರ್ಜಿ ಹಾಕಿದ್ದಾಳೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮಕ್ಕಳ ಮಧುಚಂದ್ರವನ್ನು ಹೊಸಗಾಲದ ಸೊಕ್ಕೆಂದು ಜರೆಯಬೇಡಿರಿ. ನಮ್ಮ ಮನೆಗಳು ಚಿಕ್ಕವು, ಮಂದಿ ಹೆಚ್ಚು. ಇಬ್ಬರು ಮನಸ್ಸು ಬಿಚ್ಚಿ ಮಾತನಾಡಲು ತಕ್ಕ ಸ್ಥಳವು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ. ಸಾಲಮಾಡಿ ಕಳುಹಿಸಬೇಕೆಂದು ನಾವು ಹೇಳುವುದಿಲ್ಲ. ದಿಬ್ಬಣದೂಟದಲ್ಲಿ ಎರಡು ಸಿಹಿಯನ್ನು ಕಡಮೆ ಮಾಡಿದರೆ ಮೂರು ರಾತ್ರಿಗಳ ಬಾಡಿಗೆ ಹುಟ್ಟುತ್ತದೆ. ಹಣವನ್ನು ಇಬ್ಬರ ಕೈಗೂ ಕೊಡಿರಿ, ಆಯ್ಕೆಯನ್ನು ಇಬ್ಬರಿಗೂ ಬಿಡಿರಿ, ಸೊಸೆಯ ಅಭಿಪ್ರಾಯವನ್ನು ಮೊದಲು ಕೇಳಿರಿ. ಅವರು ಸೇರಿದರೆಂಬ ಸುದ್ದಿ ಬಂದ ಮೇಲೆ, ಊಟವಾಯಿತೆ, ಕಡಲು ಹೇಗಿದೆ ಎಂದು ಗಂಟೆಗೊಮ್ಮೆ ದೂರವಾಣಿ ಮಾಡದೆ ಮೂರು ದಿನ ಸುಮ್ಮನಿರಿ. ನಾಲ್ಕನೆಯ ದಿನ ಅವರೇ ಮರಳಿ ಬಂದು ಹೇಳುತ್ತಾರೆ.