ಅಪ್ಪನ ತೋರುಬೆರಳು

ಮತಗಟ್ಟೆಯಲ್ಲಿ ಅಪ್ಪ ಎಡಗೈ ಚಾಚಿದಾಗಲೆಲ್ಲ ಶಾಯಿ ಹಚ್ಚುವವರು ಒಂದು ಕ್ಷಣ ತಡೆಯುತ್ತಾರೆ. ಅಲ್ಲಿ ತೋರುಬೆರಳಿಲ್ಲ. ‘ಪಕ್ಕದ್ದಕ್ಕೆ ಹಚ್ಚಿ ಸಾರ್, ನಡೀತದೆ’ ಎಂದು ಅಪ್ಪನೇ ಹೇಳುತ್ತಾರೆ. ನಿಜ. ಎಡಗೈಯ ತೋರುಬೆರಳು ಇಲ್ಲದವರಿಗೆ ಅದೇ ಕೈಯ ಬೇರೆ ಬೆರಳಿಗೆ ಹಚ್ಚಬೇಕೆಂದು ಚುನಾವಣಾ ನಿಯಮದಲ್ಲೇ ಇದೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಆ ಬೆರಳು ಹೋಯಿತು. ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ರಟ್ಟಿನ ಪೆಟ್ಟಿಗೆ ಸಾಗಿಸುವ ಕನ್ವೇಯರ್ ಬೆಲ್ಟಿನ ರೋಲರಿಗೆ ಟೇಪಿನ ಚೂರು ಅಂಟಿಕೊಳ್ಳುತ್ತಿತ್ತು. ಪ್ರತಿಸಲ ಬಿಚ್ಚುವುದು ತಡವೆಂದು ರೋಲರಿನ ಜಾಲರಿಯನ್ನೇ ತೆಗೆದು ಗೋಡೆಗೆ ಒರಗಿಸಿದ್ದರು. ಬೆಲ್ಟು ನಿಲ್ಲಿಸಿದರೆ ಬೈಗುಳ. ಓಡುವ ಬೆಲ್ಟಿನಿಂದಲೇ ಚೂರು ಕೀಳಲು ಹೋದ ಅಪ್ಪನ ಕೈಯನ್ನು ರೋಲರು ಮಣಿಕಟ್ಟಿನವರೆಗೆ ಎಳೆದುಕೊಂಡಿತು. ಡಾಕ್ಟರು ನಾಲ್ಕು ಬೆರಳು ಉಳಿಸಿದರು.

‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದುಕೊಂಡರು. ಅಪ್ಪನ ಮಾತೂ ಅದೇ: ‘ನಂದೇ ತಪ್ಪು ಕಣಮ್ಮ, ಬೇಗ ಕೈ ಎಳ್ಕೋಬೇಕಿತ್ತು.’ ಅಮ್ಮ ವರ್ಷಗಟ್ಟಲೆ ಆ ತಪ್ಪನ್ನು ಎತ್ತಿ ಆಡಿದಳು. ನಾನೂ ನಂಬಿದ್ದೆ.

ಪಿಎಚ್.ಡಿ.ಗೆಂದು ಕಾರ್ಮಿಕ ಕಾನೂನು ಓದತೊಡಗಿದಾಗ 1923ರ ಪರಿಹಾರ ಕಾಯ್ದೆಯ ಪಟ್ಟಿ ಸಿಕ್ಕಿತು. ಯಾವ ಬೆರಳು ಹೋದರೆ ದುಡಿಯುವ ಶಕ್ತಿ ಶೇಕಡಾ ಎಷ್ಟು ಕುಂದುತ್ತದೆಂಬ ಲೆಕ್ಕ ಅದು. ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಅಥವಾ ಕಿರುಬೆರಳಿಗೆ 7. ಅಪ್ಪ 14. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಹೇಳುತ್ತಿತ್ತು. ಅಪ್ಪನ ಪಾಲಿಗೆ ಆ ಕಲಮು ಗೋಡೆಗೆ ಒರಗಿತ್ತು.

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ. ಬೆಲ್ಟು ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ ಎಂದುಕೊಳ್ಳೋಣ. ಅಪಾಯ ಅರಿವಾಗಿ ಕೈ ಹಿಂದೆಗೆಯಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಬೆಲ್ಟು 25 ಸೆಂಟಿಮೀಟರ್ ಒಳಗೆ ಹೋಗಿರುತ್ತದೆ. ಬೆರಳ ತುದಿಯಿಂದ ಮಣಿಕಟ್ಟಿಗೆ ಅಷ್ಟು ಉದ್ದವೇ ಇಲ್ಲ.

ಊರಿಗೆ ಹೋದಾಗ ಸ್ಕೇಲು ಹಿಡಿದು ಅಪ್ಪನಿಗೆ ತೋರಿಸಿದೆ. ಅವರು ತಮ್ಮ ಎಡಗೈಯನ್ನು ಅದರ ಪಕ್ಕ ಇಟ್ಟು ನೋಡಿದರು.

‘ಹಂಗಾದ್ರೆ ಎಳ್ಕೊಳ್ಳೋಕೆ ಆಗ್ತಾನೇ ಇರ್ಲಿಲ್ವಾ?’

‘ಇಲ್ಲಪ್ಪ. ಯಾರಿಗೂ ಆಗ್ತಿರ್ಲಿಲ್ಲ.’

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಡುಗೆಮನೆಯ ಕಡೆ ನೋಡಿ ಮೆಲ್ಲಗೆ ಅಂದರು: ‘ಇದನ್ನ ನಿಮ್ಮಮ್ಮಂಗೂ ಒಂದ್ಸಲ ಹೇಳು.’